ಬೆನ್ನುಮೂಳೆಯ ಉರಿಯೂತ ಮತ್ತು ನಿದ್ರೆ

ಬೆನ್ನು ನೋಯುತ್ತಿದ್ದರೆ ಮಲಗಿ ವಿಶ್ರಮಿಸಬೇಕೆಂಬುದು ನಮ್ಮಲ್ಲಿ ರೂಢವಾಗಿರುವ ನಂಬಿಕೆ. ಆದರೆ ವಿಶ್ರಾಂತಿಯಿಂದ ಹೆಚ್ಚುವ, ನಡೆದಾಡಿದರೆ ತಗ್ಗುವ ಬೆನ್ನುನೋವೂ ಉಂಟು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗದ ಲಕ್ಷಣವೇ ಇದು. ಬೆನ್ನುಮೂಳೆಯ ಕೀಲುಗಳಲ್ಲಿ ದೀರ್ಘಕಾಲ ನೆಲೆನಿಲ್ಲುವ ಈ ಉರಿಯೂತವು ಸಾಮಾನ್ಯವಾಗಿ 45 ವರ್ಷದೊಳಗೆ, ಹಲವರಲ್ಲಿ ತಾರುಣ್ಯದಲ್ಲಿಯೇ ಆರಂಭವಾಗುತ್ತದೆ. ಅಲಕ್ಷಿಸಿದರೆ ಕೆಲವರಲ್ಲಿ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಾಗಿಸಲಾಗದಂತಾಗುತ್ತದೆ.

ಈ ರೋಗಿಗಳ ನಿದ್ರೆ ಹೆಚ್ಚಾಗಿ ಕೆಡುವುದು ರಾತ್ರಿಯ ಉತ್ತರಾರ್ಧದಲ್ಲಿ. ಬಹಳ ಹೊತ್ತು ಅಲುಗಾಡದೆ ಮಲಗಿದಾಗ ಕೀಲುಗಳು ಬಿಗಿಯುತ್ತವೆ, ನೋವಿನಿಂದ ಎಚ್ಚರವಾಗುತ್ತದೆ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಮೀರಿ ಬೆನ್ನು ಸೆಟೆದುಕೊಂಡಿರುತ್ತದೆ. ಇತ್ತ ನಿದ್ರೆಗೆಟ್ಟ ದೇಹದಲ್ಲಿ ಇಂಟರ್‌ಲ್ಯೂಕಿನ್-6ನಂತಹ ಉರಿಯೂತಕಾರಕ ವಸ್ತುಗಳು ಹೆಚ್ಚಬಹುದು. ನೋವನ್ನು ತಾಳುವ ಶಕ್ತಿ ಕುಗ್ಗುತ್ತದೆ. ಹೀಗೆ ನೋವು ನಿದ್ರೆಯನ್ನು ಕೆಡಿಸಿದರೆ, ಕೆಟ್ಟ ನಿದ್ರೆಯು ನೋವನ್ನು ಬೆಳೆಸುತ್ತದೆ. ಆಯಾಸ, ಖಿನ್ನತೆಗಳು ಇವುಗಳ ಬೆನ್ನಿಗೇ ಬರುತ್ತವೆ. ಮುಂಜಾನೆ ಏಳಲಾರದ ಮಗನನ್ನೋ ಮಗಳನ್ನೋ ಸೋಮಾರಿಯೆಂದು ಜರೆಯುವ ಮುನ್ನ ನಾವು ಇದನ್ನು ನೆನೆಯಬೇಕು.

ಈ ಸುತ್ತನ್ನು ಮುರಿಯಲು ಮೊದಲು ಉರಿಯೂತಕ್ಕೆ ಚಿಕಿತ್ಸೆಯಾಗಬೇಕು. ವೈದ್ಯರು ಸೂಚಿಸುವ ಉರಿಯೂತ ಶಾಮಕ ಔಷಧಗಳಿಂದ, ಅಗತ್ಯವಿದ್ದವರಿಗೆ ಕೊಡುವ ಜೈವಿಕ ಔಷಧಗಳಿಂದ ನೋವಿನ ಜೊತೆಗೆ ನಿದ್ರೆಯೂ ಸುಧಾರಿಸುತ್ತದೆ. ನೋವು ತಗ್ಗಿತೆಂದು ಔಷಧವನ್ನು ನಾವಾಗಿಯೇ ನಿಲ್ಲಿಸಬಾರದು. ನಿದ್ರೆಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಸೇವಿಸಲೂಬಾರದು.

ಇದರೊಡನೆ ಕೆಲವು ನಿಯಮಗಳನ್ನು ಪಾಲಿಸೋಣ:

1. ನಿತ್ಯವೂ ಒಂದೇ ಹೊತ್ತಿಗೆ ಮಲಗಿ ಏಳುವುದು.
2. ಕುಸಿಯದ, ಸಮತಟ್ಟಾದ ಹಾಸಿಗೆಯನ್ನೂ, ಕುತ್ತಿಗೆ ಮುಂದಕ್ಕೆ ಬಾಗದಂತೆ ತೆಳುವಾದ ದಿಂಬನ್ನೂ ಬಳಸುವುದು.
3. ಮಲಗುವ ಮುನ್ನ ಬಿಸಿನೀರಿನ ಸ್ನಾನ, ಮೃದುವಾದ ಅಂಗಚಾಲನೆ.
4. ಸಂಜೆಯ ಬಳಿಕ ಕಾಫಿ, ಚಹಾ ತ್ಯಜಿಸುವುದು. ಧೂಮಪಾನವನ್ನು ಸಂಪೂರ್ಣ ಬಿಡುವುದು.
5. ಹಗಲಿನಲ್ಲಿ ಒಂದೇ ಭಂಗಿಯಲ್ಲಿ ಕೂರದೆ ಆಗಾಗ ಎದ್ದು ನಡೆಯುವುದು. ತಜ್ಞರು ಕಲಿಸಿದ ವ್ಯಾಯಾಮವನ್ನು ದಿನವೂ ಮಾಡುವುದು.

ಮೂರು ತಿಂಗಳಿಗೂ ಮೀರಿ ಬೆನ್ನುನೋವಿದ್ದು, ಅದು ರಾತ್ರಿ ಎಬ್ಬಿಸುತ್ತಿದ್ದರೆ ಸಂಧಿವಾತ ತಜ್ಞರನ್ನು ಕಾಣಬೇಕು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ತಡಮಾಡದೆ ನೇತ್ರವೈದ್ಯರಿಗೆ ತೋರಿಸಬೇಕು. ಈ ರೋಗವು ಕಣ್ಣಿಗೂ ತಗಲುವುದುಂಟು. ವೈದ್ಯರು ಕೇಳದಿದ್ದರೂ ರಾತ್ರಿ ಎಷ್ಟು ಸಲ, ಯಾವ ಹೊತ್ತಿನಲ್ಲಿ ಎಚ್ಚರವಾಯಿತೆಂಬುದನ್ನು ನಾವೇ ತಿಳಿಸೋಣ. ರೋಗವನ್ನು ಗುರುತಿಸಲೂ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅರಿಯಲೂ ಆ ಒಂದು ಮಾತು ನೆರವಾಗುತ್ತದೆ.