ಬೆರಳಿನ ಗುರುತು

“ನಾವು ಸ್ವಲ್ಪ ಜನ, ನಮ್ಮ ಓಟಿನಿಂದ ಆಗುವದೇನು? ಅಧಿಕಾರಿಗಳಿಗೋಸ್ಕರ ಪ್ರಾರ್ಥಿಸಿದರೆ ಸಾಕು” ಎಂದು ಸಭೆಯವರಲ್ಲಿ ಕೆಲವರು ಹೇಳುವದುಂಟು. ಪ್ರಾರ್ಥನೆಯು ಅಗತ್ಯವೇ, ಪೌಲನು ತಿಮೊಥೆಯನಿಗೆ ಹಾಗೆಯೇ ಬರೆದನು. ಆದರೆ ಕೈಸರನನ್ನು ಆರಿಸಿಕೊಳ್ಳುವ ಹಕ್ಕು ಪೌಲನ ಸಭೆಗಳಿಗೆ ಇರಲಿಲ್ಲ.

ನಮ್ಮ ಹಿರಿಯರಿಗೂ ಇರಲಿಲ್ಲ. 1881ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯು ಆರಂಭವಾದರೂ ಅದು ಬಹುಕಾಲ ಆಸ್ತಿವಂತರ ಮತ್ತು ಓದಿದವರ ಸಭೆಯಾಗಿತ್ತು. ಕೂಲಿಯವನಿಗೂ ಅವನ ಹೆಂಡತಿಗೂ ಜಮೀನ್ದಾರನಷ್ಟೇ ತೂಕದ ಓಟು ದೊರೆತದ್ದು 1951-52ರ ಮಹಾಚುನಾವಣೆಯಲ್ಲಿ. ಇದನ್ನು ಅಲ್ಪವೆಂದೆಣಿಸಬಹುದೋ?

ಒಂದು ಓಟಿನ ಬೆಲೆಯನ್ನು ತಿಳಿಯಬೇಕಾದರೆ ನೆರೆಯ ಚಾಮರಾಜನಗರ ಸೀಮೆಯನ್ನು ನೋಡಿರಿ. 2004ರಲ್ಲಿ ಸಂತೇಮರಹಳ್ಳಿಯ ವಿಧಾನಸಭಾ ಸ್ಥಾನವನ್ನು ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಓಟಿನಿಂದ. 2019ರ ಲೋಕಸಭಾ ಚುನಾವಣೆಯಲ್ಲಿ ಅವರೇ 1,817 ಓಟುಗಳಿಂದ ಸೋತರು. ಲಕ್ಷಾಂತರ ಜನರಲ್ಲಿ ಇದು ಒಂದೆರಡು ಹಳ್ಳಿಗಳವರು ಮನೆಯಲ್ಲಿ ಕುಳಿತಷ್ಟು ಲೆಕ್ಕ!

ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯು 1962ರ ಚುನಾವಣೆಯಿಂದ ನಮ್ಮ ಮೈಸೂರಿನ ಪೇಂಟ್ಸ್ ಮತ್ತು ವಾರ್ನಿಷ್ ಕಾರ್ಖಾನೆಯಿಂದಲೇ ಹೋಗುತ್ತದೆ. ಶ್ರೀರಾಂಪುರದಲ್ಲಿ ವಾಸಿಸುವ ನಾವು, ಊರಿನ ಶಾಯಿಯು ಕಾಶ್ಮೀರದವರ ಬೆರಳಿಗೂ ಹತ್ತುವಾಗ, ಬರಿದಾದ ಬೆರಳಿನಿಂದ ಆರಾಧನೆಗೆ ಬರುವದು ನಾಚಿಕೆಯಲ್ಲವೋ?

ಯಾರಿಗೆ ಕೊಡಬೇಕೆಂಬದನ್ನು ನಾವು ಹೇಳೆವು. ಅದು ನಿಮ್ಮ ಮನಸ್ಸಾಕ್ಷಿಗೆ ಸೇರಿದ್ದು, ಸೀರೆ ಹಂಚುವವನಿಗೆ ಸೇರಿದ್ದಲ್ಲ. ಆದರೆ ಮತದಾರರ ಪಟ್ಟಿಯಲ್ಲಿ ಹೆಸರಿದೆಯೋ ಎಂದು ಮುಂಚಿತವಾಗಿಯೇ ನೋಡಿಕೊಳ್ಳಿರಿ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವರು.