ಫಿಸಿಕ್ಸ್‌ಗೆಂದೇ ಇನ್ನೊಂದು ಕಾರ್ಡಾ?

‘ಇದಕ್ಕೆಂದೇ ಒಂದು’ ಅಂತ ಯಾರಾದರೂ ಸಾಮಾನು ತೋರಿಸಿದರೆ ನಾನು ಕೇಳುವುದು ಇಷ್ಟೇ: ಇದಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ? 2025ರ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಲು ಹೊರಟಾಗಲೂ ಅದನ್ನೇ ಕೇಳಿದೆ. ಎಸ್‌.ಪಿ. ರೋಡಿನ ಅಂಗಡಿಯಿಂದ ಬರೆಸಿಕೊಂಡು ಬಂದ ಕೊಟೇಶನ್ನಿನಲ್ಲಿ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಎನ್‌ವಿಡಿಯಾ 50 ಸರಣಿಯ ಹೊಸ ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಸರಿಯಾಗಿದ್ದವು. ತಳದಲ್ಲಿ ಮಾತ್ರ ಪೆನ್ನಿನಿಂದ ಸೇರಿಸಿದ ಒಂದು ಸಾಲು: ಜಿಟಿ 1030, ಸೆಕೆಂಡ್‌ಹ್ಯಾಂಡ್.

“ಎರಡೆರಡು ಕಾರ್ಡ್ ಯಾಕೋ?”

“ಅದು ಫಿಸಿಕ್ಸ್‌ಗೆ ಮಾಮ. ಹೊಸ ಕಾರ್ಡಲ್ಲಿ ಹಳೇ ಗೇಮ್‌ಗಳ ಫಿಸಿಕ್ಸ್ ಓಡಲ್ಲ.”

ಹುಡುಗ ಹೇಳಿದ್ದು ಸುಳ್ಳಲ್ಲ. ಆಟದಲ್ಲಿ ಗಾಜು ಒಡೆದರೆ ಚೂರು ಎತ್ತ ಸಿಡಿಯಬೇಕು, ಹೊಗೆ ಹೇಗೆ ಸುತ್ತಬೇಕು ಎಂಬುದನ್ನೆಲ್ಲ ಯಂತ್ರ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಲೇ ಇರಬೇಕು. ಈ ಲೆಕ್ಕಕ್ಕೆ ಪ್ರತ್ಯೇಕ ಚಿಪ್ಪೇ ಬೇಕು ಎಂಬ ವಾದಕ್ಕೆ ಹತ್ತಿರಹತ್ತಿರ ಇಪ್ಪತ್ತು ವರ್ಷ. 2006ರಲ್ಲಿ ಏಜಿಯಾ ಎಂಬ ಅಮೆರಿಕದ ಕಂಪನಿ ಫಿಸ್‌ಎಕ್ಸ್ ಚಿಪ್ ತಂದಿತು. ಏಸಸ್, ಬಿಎಫ್‌ಜಿ ಕಂಪನಿಗಳು ಅದನ್ನು ಕಾರ್ಡಿಗೆ ಕೂರಿಸಿ ಮಾರಿದವು. 128 ಎಂಬಿ ಮೆಮೊರಿ, ಪಿಸಿಐ ಸ್ಲಾಟ್, ಅಲ್ಲಿನ ಬೆಲೆ ಸುಮಾರು 300 ಡಾಲರ್. ಆಗ ಡಾಲರಿಗೆ 45 ರೂಪಾಯಿ ಆಸುಪಾಸು, ಅಂದರೆ ಹದಿಮೂರು ಸಾವಿರದ ಮೇಲೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ಒಂದನ್ನು ತರಿಸಲು ಹೊರಟು, “ನಿನಗೂ ಒಂದು ಹೇಳಲೇನಯ್ಯಾ?” ಎಂದಿದ್ದ. ಅಷ್ಟೇ ದುಡ್ಡಿಗೆ ಅಲ್ಲಿ ಜಿಫೋರ್ಸ್ 7900 ಜಿಟಿ ಸಿಗುತ್ತಿತ್ತು. ಅದು ನಾನಾಡುವ ಎಲ್ಲ ಆಟಕ್ಕೂ ದುಡಿಯುವಂಥದು, ಫಿಸ್‌ಎಕ್ಸ್ ಕಾರ್ಡ್ ದುಡಿಯುವುದು ಬೆರಳೆಣಿಕೆಯ ಆಟಗಳಿಗೆ. ಗ್ರಾಫಿಕ್ಸ್ ಕಾರ್ಡನ್ನೇ ತರಿಸಿಕೊಂಡೆ.

ಆ ಬೆರಳೆಣಿಕೆಯಲ್ಲಿ ಹೆಸರಾದದ್ದು ಘೋಸ್ಟ್ ರೀಕಾನ್ ಅಡ್ವಾನ್ಸ್‌ಡ್ ವಾರ್‌ಫೈಟರ್. ಕಾರ್ಡ್ ಹಾಕಿದರೆ ಸ್ಫೋಟದಲ್ಲಿ ಹೆಚ್ಚು ಚೂರು ಹಾರುತ್ತಿದ್ದವು ನಿಜ. ಆದರೆ ಪರೀಕ್ಷಿಸಿ ನೋಡಿದ ವಿಮರ್ಶಕರಿಗೆ ಕಂಡದ್ದು, ಕೆಲವು ದೃಶ್ಯಗಳಲ್ಲಿ ಆಟದ ವೇಗ ಮೊದಲಿಗಿಂತ ಕುಗ್ಗಿದ್ದು. ಹಿಟ್ಟು ರುಬ್ಬಲು ಇನ್ನೊಬ್ಬನನ್ನು ಇಟ್ಟುಕೊಂಡರೂ ದೋಸೆ ಹುಯ್ಯುವವನು ಒಬ್ಬನೇ ಆದರೆ ಇನ್ನೇನಾಗುತ್ತದೆ? ಅಷ್ಟೂ ಚೂರುಗಳನ್ನು ತೆರೆಯ ಮೇಲೆ ಬಿಡಿಸುವ ಕೆಲಸ ಮತ್ತೆ ಗ್ರಾಫಿಕ್ಸ್ ಕಾರ್ಡಿನ ತಲೆಗೇ ಬಿತ್ತು.

ದುಡ್ಡಿನ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ನೂರರಲ್ಲಿ ಒಬ್ಬನ ಮನೆಯಲ್ಲೂ ಇಲ್ಲದ ಕಾರ್ಡನ್ನು ನಂಬಿ ಯಾವ ಕಂಪನಿ ತನ್ನ ಆಟವನ್ನು ಕಟ್ಟೀತು? ಹಾಗಾಗಿ ಆ ಕಾರ್ಡಿಗೆ ಸಿಕ್ಕಿದ್ದು ಬರೀ ಅಲಂಕಾರದ ಕೆಲಸ. ಆಟದ ಹೊಟ್ಟೆಯೊಳಗೇ ಫಿಸಿಕ್ಸ್ ಇಟ್ಟದ್ದು 2004ರ ಹಾಫ್-ಲೈಫ್ 2. ಏತದಂಥ ಹಲಗೆಯ ಒಂದು ತುದಿಗೆ ಇಟ್ಟಿಗೆ ಹೇರಿ ಇನ್ನೊಂದು ತುದಿಯಿಂದ ಮೇಲೆ ಹತ್ತಿಹೋಗುವ ಒಗಟು ಅದರಲ್ಲಿದೆ. ಅದನ್ನು ನಡೆಸಿದ್ದು ಹ್ಯಾವಕ್ ಎಂಬ ತಂತ್ರಾಂಶ, ಮಾಮೂಲಿ ಪ್ರೊಸೆಸರಿನ ಮೇಲೆ. ಒಂದು ರೂಪಾಯಿಯ ಹೆಚ್ಚುವರಿ ಸಾಮಾನೂ ಬೇಕಿರಲಿಲ್ಲ.

2008ರ ಫೆಬ್ರವರಿಯಲ್ಲಿ ಏಜಿಯಾವನ್ನು ಎನ್‌ವಿಡಿಯಾ ಕೊಳ್ಳುವುದೆಂದು ಪ್ರಕಟವಾಯಿತು. ಅದೇ ವರ್ಷ ಫಿಸ್‌ಎಕ್ಸ್ ಲೆಕ್ಕ ಜಿಫೋರ್ಸ್ 8 ಸರಣಿಯ ಕಾರ್ಡುಗಳ ಮೇಲೆ ಓಡುವಂತೆ ಡ್ರೈವರ್ ಬಂತು. ಮುನ್ನೂರು ಡಾಲರಿನ ಕೆಲಸ ಪುಕ್ಕಟೆ ಡೌನ್‌ಲೋಡ್ ಆಯಿತು.

ಹುಡುಗನ ತಂಟೆ ಶುರುವಾಗುವುದು ಇಲ್ಲಿಂದಲೇ. ಬಾರ್ಡರ್‌ಲ್ಯಾಂಡ್ಸ್ 2, ಮಿರರ್ಸ್ ಎಡ್ಜ್‌ನಂಥ ಆ ಕಾಲದ ಆಟಗಳು 32 ಬಿಟ್‌ನವು. ಅವುಗಳ ಫಿಸಿಕ್ಸ್ ಲೆಕ್ಕವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿಸುವ ಸೌಲಭ್ಯವನ್ನು 50 ಸರಣಿಯಲ್ಲಿ ಕೈಬಿಡಲಾಯಿತು. ಲೆಕ್ಕವೆಲ್ಲ ಪ್ರೊಸೆಸರಿನ ಮೇಲೆ ಬಿದ್ದು ಆಟ ತೆವಳತೊಡಗಿತು. ಹಳೆಯ ಸಣ್ಣ ಕಾರ್ಡೊಂದನ್ನು ಪಕ್ಕಕ್ಕೆ ಸಿಕ್ಕಿಸಿ ಫಿಸಿಕ್ಸ್ ಅದಕ್ಕೆ ಒಪ್ಪಿಸುವ ಉಪಾಯ ಎಲ್ಲೆಡೆ ಹಬ್ಬಿತು.

ನಾನು ಪೆನ್ನು ಹಿಡಿದು ಕೂತೆ. ಕಾರ್ಡು ಮೂರು ಸಾವಿರದ ಸುಮಾರು. ಅವನು ಆರಿಸಿದ್ದ ಮದರ್‌ಬೋರ್ಡಿನಲ್ಲಿ ಉದ್ದನೆಯ ಸ್ಲಾಟ್ ಒಂದೇ. ಎರಡಿರುವುದಕ್ಕೆ ಮತ್ತೆ ನಾಲ್ಕು ಸಾವಿರ. ದಪ್ಪನೆಯ ಹೊಸ ಕಾರ್ಡಿನ ಕೆಳಗೆ ಇನ್ನೊಂದು ಕೂತು ಗಾಳಿ ಆಡಬೇಕೆಂದರೆ ಕ್ಯಾಬಿನೆಟ್ಟೂ ದೊಡ್ಡದಾಗಬೇಕು. ಮೂರು ಸಾವಿರದ ಸಾಲು ಎಂಟು ಸಾವಿರ ದಾಟಿತು. ಸೆಕೆಂಡ್‌ಹ್ಯಾಂಡ್ ಆದ್ದರಿಂದ ವಾರಂಟಿಯೂ ಇಲ್ಲ, ಬಿಲ್ಲೂ ಇಲ್ಲ. ಬದಲಿಗೆ ಬರುವುದೇನು? ಬ್ಯಾಟ್‌ಮನ್: ಅರ್ಕಮ್ ಅಸೈಲಮ್‌ನಲ್ಲಿ ನೆಲದ ಮೇಲೆ ಚೆಲ್ಲಿದ ಕಾಗದಗಳು ಬ್ಯಾಟ್‌ಮನ್ ನಡೆದರೆ ಮೇಲೇಳುತ್ತವೆ. ಚೆಂದವೇ. ಆದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿದರೂ ಬ್ಯಾಟ್‌ಮನ್ ಕಳ್ಳರನ್ನು ಅಷ್ಟೇ ಚೆನ್ನಾಗಿ ಬಡಿಯುತ್ತಾನೆ.

ಹೊಸ ಆಟಗಳ ಕಥೆಯೇ ಬೇರೆ. ಅನ್‌ರಿಯಲ್ ಎಂಜಿನ್ 5ರಲ್ಲಿರುವ ಕೇಯಾಸ್ ಫಿಸಿಕ್ಸ್ ಬಹುಪಾಲು ಓಡುವುದು ಪ್ರೊಸೆಸರಿನ ಮೇಲೆಯೇ. ಹಾಗಾಗಿ ಫಿಸಿಕ್ಸ್‌ಗೆಂದು ಎತ್ತಿಟ್ಟ ದುಡ್ಡಿದ್ದರೆ ಒಂದು ಮೆಟ್ಟಿಲು ಮೇಲಿನ ಪ್ರೊಸೆಸರಿಗೆ ಹಾಕುವುದೇ ಸರಿ ಎಂಬುದು ನನ್ನ ಲೆಕ್ಕ. ಹುಡುಗ ಪ್ರೊಸೆಸರಿಗೆ ಅರ್ಧ ಹಾಕಿ, ಉಳಿದದ್ದರಲ್ಲಿ ರ‍್ಯಾಮ್ ಹೆಚ್ಚಿಸಿಕೊಂಡ. ವರ್ಷದ ಕೊನೆಗೆ ರ‍್ಯಾಮ್ ಬೆಲೆ ಹುಚ್ಚೆದ್ದು ಏರಿತು. ಅದು ಅವನ ಅದೃಷ್ಟ, ಅದರಲ್ಲಿ ನನ್ನ ಪಾಲೇನೂ ಇಲ್ಲ.

2025ರ ಡಿಸೆಂಬರ್‌ನಲ್ಲಿ ಎನ್‌ವಿಡಿಯಾ ಹೊಸ ಡ್ರೈವರ್ ಬಿಟ್ಟು, ಬಾರ್ಡರ್‌ಲ್ಯಾಂಡ್ಸ್ 2, ಮಿರರ್ಸ್ ಎಡ್ಜ್ ಸೇರಿ ಕೆಲವು ಹಳೆಯ ಆಟಗಳಿಗೆ 50 ಸರಣಿಯಲ್ಲೇ ಫಿಸ್‌ಎಕ್ಸ್ ಮರಳಿಸಿತು. ಅದೇ ಡ್ರೈವರ್ 10 ಸರಣಿಯ ಕಾಲದ ಕಾರ್ಡುಗಳಿಗೆ ಬೆಂಬಲ ನಿಲ್ಲಿಸಿದೆ. ಜಿಟಿ 1030 ಆ ಗುಂಪಿನದೇ.