ಕಡಲತೀರದ ರಜೆ: ಮಕ್ಕಳ ಆಟವೂ ಹಿರಿಯರ ಹೊಣೆಯೂ

ಹೈದರಾಬಾದಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ‘ಸಾಗರ’ ಎಂಬ ಶಬ್ದ ಹೊಸದಲ್ಲ. ಹುಸೇನ್ ಸಾಗರ, ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳನ್ನು ಅವರು ಕಂಡೇ ಇರುತ್ತಾರೆ. ಆದರೆ ಇವೆಲ್ಲ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ನಿಜವಾದ ಸಮುದ್ರದ ದರ್ಶನ ಅವರಿಗೆ ಲಭಿಸುವುದು ರಜೆಯಲ್ಲಿ ಕರಾವಳಿಗೆ ಹೋದಾಗ ಮಾತ್ರ. ಕಾಪು, ಮಲ್ಪೆ, ಮುರುಡೇಶ್ವರ, ಕಾರವಾರಗಳ ತೀರದಲ್ಲಿ ನಾಲ್ಕು ದಿನ ಕಳೆಯುವುದು ದೇಹಕ್ಕೂ ಮನಸ್ಸಿಗೂ ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಂತ ನೀರಿನಿಂದ ಕಲಿತ ತಿಳಿವಳಿಕೆ ಅಲೆಯ ನೀರಿಗೆ ಸಲ್ಲುವುದಿಲ್ಲವೆಂಬುದನ್ನು ಪಾಲಕರು ಮೊದಲು ಅರಿಯಬೇಕು.

ಮರಳೇ ಪಾಠಶಾಲೆ

ಕಡಲಿನ ಸಂತೋಷಕ್ಕೆ ನೀರಿಗಿಳಿಯಲೇಬೇಕೆಂದಿಲ್ಲ. ಮಕ್ಕಳಿಗೆ ಬೇಕಾದ ಆಟದ ಬಹುಪಾಲು ಮರಳಿನ ಮೇಲೆಯೇ ಇದೆ. ಅಲೆ ಮುಟ್ಟಿದ ಗೆರೆಯಲ್ಲಿ ಒಂದು ಕೋಲು ನೆಡಿಸಿರಿ. ಗಂಟೆಗೊಮ್ಮೆ ನೀರು ಎಲ್ಲಿಗೆ ಬಂತೆಂದು ಗುರುತು ಮಾಡಿ, ಹೊತ್ತನ್ನು ಪುಸ್ತಕದಲ್ಲಿ ಬರೆಯಲು ಹೇಳಿರಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಉಬ್ಬರ ಹೆಚ್ಚು. ಅಜ್ಜಿಯ ಪಂಚಾಂಗಕ್ಕೂ ಸಮುದ್ರಕ್ಕೂ ಇರುವ ಈ ನಂಟನ್ನು ತಾವೇ ಕಂಡುಕೊಂಡ ಮಗು ಅದನ್ನು ಎಂದಿಗೂ ಮರೆಯದು.

ಒದ್ದೆ ಮರಳಿನಲ್ಲಿ ಕೋಟೆ ಕಟ್ಟುವುದು, ಖಾಲಿ ಕಪ್ಪೆಚಿಪ್ಪುಗಳನ್ನು ಬಣ್ಣ ಆಕಾರಗಳಿಗನುಸಾರ ವಿಂಗಡಿಸುವುದು, ಏಡಿ ತನ್ನ ಬಿಲದ ಬಾಯಲ್ಲಿ ರಾಶಿ ಹಾಕಿದ ಮರಳುಂಡೆಗಳನ್ನು ದೂರದಿಂದ ವೀಕ್ಷಿಸುವುದು, ಇವೆಲ್ಲ ಖರ್ಚಿಲ್ಲದ ವಿನೋದಗಳು. ಜೀವವಿರುವುದನ್ನು ಮನೆಗೆ ತರಬಾರದೆಂಬ ನಿಯಮವೊಂದಿರಲಿ. ಬೆಳಗ್ಗೆ ಮಲ್ಪೆ ಬಂದರಿಗೆ ಹೋದರೆ ದೋಣಿಗಳಿಂದ ಮೀನು ಇಳಿಯುವ ದೃಶ್ಯ ಕಾಣಬಹುದು. ಅಲ್ಲಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಕಂಬದಂತಹ ಬಂಡೆಗಳು, 8 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಲಾವಾರಸ ತಣಿದು ಬಿರಿದು ಆದವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಸಾಕ್ಷಿಗಳವು. ಕಾಪುವಿನಲ್ಲಿ 1901ರ ದೀಪಸ್ತಂಭವಿದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಸುಡುಬಿಸಿಲಿನಲ್ಲಿ ಮಕ್ಕಳು ನೆರಳಿನಲ್ಲಿರಲಿ. ಟೋಪಿ, ತೆಳುವಾದ ಹತ್ತಿಯ ಅಂಗಿ, ಬಾಯಾರುವ ಮೊದಲೇ ಕುಡಿಯುವ ನೀರು ಅಗತ್ಯ.

ಶಾಂತವಾಗಿ ಕಾಣುವ ಅಪಾಯ

ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಷ್ಟೆ. ಅದು ಹಲವೆಡೆ ಕಿರಿದಾದ ಕಾಲುವೆಯಂತೆ ಕೂಡಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಈ ಸೆಳೆತವಿರುವ ಕಡೆ ಅಲೆಗಳು ಹೆಚ್ಚು ಒಡೆಯುವುದಿಲ್ಲ. ಅಕ್ಕಪಕ್ಕ ನೊರೆಯಿದ್ದು ನಡುವೆ ಮಾತ್ರ ನೀರು ಶಾಂತವಾಗಿ ತೋರುತ್ತದೆ. ಕೆರೆಯನ್ನಷ್ಟೇ ಕಂಡ ಮಗು ‘ಇಲ್ಲಿ ಅಲೆಯಿಲ್ಲ’ ಎಂದು ಅದೇ ಜಾಗವನ್ನು ಆರಿಸಿಕೊಳ್ಳುತ್ತದೆ. ಸೆಳೆತಕ್ಕೆ ಸಿಕ್ಕವರು ದಡದತ್ತ ಎದುರಾಗಿ ಈಜಿ ದಣಿಯಬಾರದು. ತೇಲುತ್ತಾ ಕೈಯೆತ್ತಿ ನೆರವು ಬೇಡಬೇಕು, ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವೆಂದು ಎಲ್ಲರೂ ಬಲ್ಲರು. ಉಳಿದ ತಿಂಗಳುಗಳಲ್ಲಿಯೂ ಎಚ್ಚರ ಬೇಕೆಂಬುದನ್ನು ಈ ದುರಂತ ಸಾರುತ್ತದೆ. ಆದುದರಿಂದ ಜೀವರಕ್ಷಕರಿರುವ ತೀರವನ್ನೇ ಆರಿಸಿರಿ. ಕೆಂಪು ಬಾವುಟವಿದ್ದರೆ ನೀರಿಗಿಳಿಯಬಾರದು; ಕೆಂಪು-ಹಳದಿ ಬಾವುಟಗಳಿದ್ದರೆ ಅವುಗಳ ನಡುವಿನ ಜಾಗದಲ್ಲಿ ಮಾತ್ರ ಇಳಿಯಬೇಕು. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ 2020ರಲ್ಲಿ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಸ್ವಚ್ಛತೆಯೊಡನೆ ಸುರಕ್ಷತೆಯ ಏರ್ಪಾಡೂ ಆ ಮನ್ನಣೆಯ ಷರತ್ತುಗಳಲ್ಲಿ ಸೇರಿದೆ.

ಹೊಣೆಯ ಹಸ್ತಾಂತರ

ಬ್ಯಾಂಕಿನಲ್ಲಿ ಖಜಾನೆಯ ಬೀಗದ ಕೈ ಯಾರ ವಶದಲ್ಲಿದೆಯೆಂಬುದು ಸದಾ ಸ್ಪಷ್ಟವಾಗಿರಬೇಕು. ಒಬ್ಬರು ರಜೆಯ ಮೇಲೆ ತೆರಳುವಾಗ ರಿಜಿಸ್ಟರಿನಲ್ಲಿ ಸಹಿ ಮಾಡಿ ಮತ್ತೊಬ್ಬರಿಗೆ ಒಪ್ಪಿಸುತ್ತಾರೆ. ‘ಯಾರಾದರೂ ನೋಡಿಕೊಳ್ಳುತ್ತಾರೆ’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಹಣಕ್ಕೇ ಇಷ್ಟು ಕಟ್ಟುನಿಟ್ಟಿರುವಾಗ ಮಕ್ಕಳ ವಿಷಯದಲ್ಲಿ ಸಡಿಲಿಕೆ ಸಲ್ಲದು. ಚಿಕ್ಕಪ್ಪ, ಸೋದರತ್ತೆ, ಅಜ್ಜ, ಅಜ್ಜಿ ಹೀಗೆ ಹತ್ತು ಮಂದಿ ಹಿರಿಯರಿದ್ದಾಗಲೇ ಅಪಾಯ ಹೆಚ್ಚು. ಎಲ್ಲರೂ ನೋಡುತ್ತಿದ್ದಾರೆಂದು ಎಲ್ಲರೂ ಭಾವಿಸಿದರೆ, ಯಾರೂ ನೋಡುತ್ತಿರುವುದಿಲ್ಲ.

ಅರ್ಧ ಗಂಟೆಗೊಬ್ಬರಂತೆ ಸರದಿ ನಿಗದಿಯಾಗಲಿ. ಸರದಿಯಲ್ಲಿರುವವರು ಹರಟೆಯನ್ನೂ ಮೊಬೈಲನ್ನೂ ಬದಿಗಿಟ್ಟು, ಚಿಕ್ಕ ಮಕ್ಕಳಿಗೆ ಕೈಗೆಟಕುವಷ್ಟು ಸಮೀಪದಲ್ಲಿ ನಿಲ್ಲಲಿ. ಎದ್ದು ಹೋಗುವಾಗ ‘ಇನ್ನು ಮಕ್ಕಳು ನಿಮ್ಮ ಹೊಣೆ’ ಎಂದು ಬಾಯಿಬಿಟ್ಟು ಹೇಳಿ, ತಲೆ ಎಣಿಸಿ ಒಪ್ಪಿಸಲಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಅವಕಾಶವಿಲ್ಲದಾಗ ಕೂಗು ಎಲ್ಲಿಂದ ಬರಬೇಕು? ಆದ್ದರಿಂದ ಕಿವಿಯನ್ನು ನಂಬದೆ ಕಣ್ಣನ್ನು ನಂಬಬೇಕು.

ಅಕಸ್ಮಾತ್ ಅವಘಡ ಸಂಭವಿಸಿದರೆ ಈಜು ಬಾರದವರು ಧುಮುಕದೆ ಜೀವರಕ್ಷಕರನ್ನು ಕೂಗಿ, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು. ಮೇಲೆತ್ತಿದ ಮಗುವಿನ ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ರೂಢಿ ಹಾನಿಕರ. ಉಸಿರಾಟವಿಲ್ಲದಿದ್ದರೆ ತಡಮಾಡದೆ ಬಾಯಿಗೆ ಬಾಯಿಟ್ಟು ಉಸಿರು ನೀಡಿ, ಅನಂತರ ಎದೆ ಒತ್ತುವ ಕ್ರಮವನ್ನು ಆರಂಭಿಸಬೇಕು; ಮತ್ತೊಬ್ಬರು ಆಗಲೇ 108 ಅಥವಾ 112ಕ್ಕೆ ಕರೆ ಮಾಡಬೇಕು. ಮಗು ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ಬಳಿಕವೂ ಕಾಣಿಸಿಕೊಳ್ಳಬಹುದು. ಈ ಪ್ರಥಮ ಚಿಕಿತ್ಸೆಯನ್ನು ಮನೆಯ ಇಬ್ಬರಾದರೂ ಪ್ರವಾಸಕ್ಕೆ ಮುನ್ನವೇ ಬಲ್ಲವರಿಂದ ಕಲಿತಿರುವುದು ಲೇಸು.

ಭಯದಿಂದ ಮಕ್ಕಳನ್ನು ಕಡಲಿನಿಂದ ದೂರವಿಡುವುದು ಉಚಿತವಲ್ಲ. ಮರಳಿನಲ್ಲಿ ಅವರಿಗೆ ಪೂರ್ಣ ಸ್ವಾತಂತ್ರ್ಯವಿರಲಿ, ನೀರಿನಲ್ಲಿ ಹಿರಿಯರ ಕೈ ಜೊತೆಗಿರಲಿ. ಹೋದಷ್ಟೇ ತಲೆಗಳು ನಗುನಗುತ್ತ ಮನೆಗೆ ಮರಳಿದರೆ ರಜೆಯ ಲೆಕ್ಕ ಸರಿಹೊಂದಿತೆಂದೇ ಅರ್ಥ.